249 ಗ್ರಾಮಿನ ಮಹಾಶಯ

ನಮ್ಮ ಸೀಮೆಯಲ್ಲಿ ಅಣ್ಣ-ತಮ್ಮಂದಿರು ಹೊಲ ಹಂಚಿಕೊಂಡು ಮಾತು ಬಿಡುವುದು ಒಂದು ನಮೂನೆ. ಮಗ್ಗುಲ ಮನೆಯವ ಗೋಡೆಗೆ ಹೊಸ ಖಿಡಕಿ ಇಟ್ಟನೆಂದು ಎರಡು ತಲೆಮಾರು ಮಾತು ಬಿಡುವುದು ಇನ್ನೊಂದು ನಮೂನೆ. ಹಟ ಜಾಸ್ತಿ ಇರುವುದು ಎರಡನೆಯದರಲ್ಲೇ. ಹೊಲದ ಜಗಳ ರೊಕ್ಕದ್ದು, ಖಿಡಕಿಯ ಜಗಳ ಮರ್ಯಾದೆಯದ್ದು. "ನಿನ್ನ ಖಿಡಕಿ ನನ್ನ ಹಿತ್ತಲದಾಗ ಯಾಕ ಇಣಿಕ್ಯಾಡತೈತಿ?" ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿ ಎಷ್ಟೋ ವಕೀಲರು ಮಕ್ಕಳನ್ನು ಡಾಕ್ಟರ್ ಮಾಡಿದ್ದಾರೆ.

ಬ್ರಿಟಿಷರಿಗೂ ಈ ಖಿಡಕಿ ರೋಗ ಗೊತ್ತಿತ್ತು. 1882ರ ಈಸ್‌ಮೆಂಟ್ ಕಾಯ್ದೆಯ 18ನೇ ಕಲಮಿನಲ್ಲಿ ಉದಾಹರಣೆ ಸಹಿತ ಬರೆದಿಟ್ಟರು: ಊರಿನ ರೂಢಿ ಹಾಗಿದ್ದರೆ, ನೆರೆಮನೆಯಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಜಾಗ ಕಾಣುವಂತೆ ಯಾರೂ ಹೊಸ ಖಿಡಕಿ ತೆಗೆಯುವಂತಿಲ್ಲ. 1888ರಲ್ಲಿ ಅಲಹಾಬಾದ್ ಹೈಕೋರ್ಟು ಗೋಕಲ್ ಪ್ರಸಾದ್ ಮತ್ತು ರಾಧೋ ಎಂಬವರ ಖಟ್ಲೆಯಲ್ಲಿ ಹೆಂಗಸರಿರುವ ಭಾಗವನ್ನು ನೋಡುವಂತಿದ್ದ ಜಗುಲಿ-ಬಾಗಿಲುಗಳ ತಂಟೆಯನ್ನು ಗಂಭೀರವಾಗಿ ಕೇಳಿ, ಮನೆಯ ಗೌಪ್ಯವೂ ರೂಢಿಯಿಂದ ಬಂದ ಹಕ್ಕೇ ಎಂದು ಹೇಳಿತು. 1891ರಲ್ಲಿ ಆ ಕಾಯ್ದೆ ಮುಂಬೈ ಪ್ರಾಂತ್ಯಕ್ಕೂ, ಅಂದರೆ ನಮ್ಮ ಸಂಪಗಾಂವ ತಾಲೂಕಿಗೂ ಬಂತು.

ಇಂಥ ಖಡಕ್ ಜನ ನಾವು. ಈಗ ಅದೇ ಖಿಡಕಿ ನಾಲ್ಕು ಫ್ಯಾನು ಹಚ್ಚಿಕೊಂಡು ಬಂದು ನಮ್ಮ ಹಿತ್ತಲ ಮೇಲೆ ನಿಲ್ಲುತ್ತದೆ, ಬಚ್ಚಲದ ಮೇಲೆ ತಿರುಗುತ್ತದೆ, ಬೆಳಕಿಂಡಿಯಲ್ಲಿ ಬಗ್ಗಿ ನೋಡುತ್ತದೆ. ನಾವು? ಕೆಳಗೆ ನಿಂತು ಕೈ ಬೀಸುತ್ತೇವೆ. ಕೂಸನ್ನು ಎತ್ತಿ ತೋರಿಸುತ್ತೇವೆ. ಯಾವ ಕೋನದಲ್ಲಿ ಮುಖ ಚೆನ್ನಾಗಿ ಕಾಣುತ್ತದೆ ಎಂದು ಕೊರಳು ಹೊರಳಿಸುತ್ತೇವೆ.

ಹಳೆಯ ಗೆಜೆಟಿಯರ್ ತೆರೆದವರಿಗೆ ಒಂದು ಮಜಾ ಗೊತ್ತು: ತಾಲೂಕಿನ ಹೆಸರು ಸಂಪಗಾಂವ, ಕಚೇರಿ ಮಾತ್ರ ಬೈಲಹೊಂಗಲ. ಹೆಸರು ಒಂದು ಕಡೆ, ಅಧಿಕಾರ ಇನ್ನೊಂದು ಕಡೆ ಇರುವುದು ನಮಗೆ ಬ್ರಿಟಿಷರ ಕಾಲದಿಂದ ರೂಢಿ. ಹೀಗಾಗಿ ಡ್ರೋನಿನ ವಿಷಯದಲ್ಲೂ ನಾವು ಗಾಬರಿಯಾಗಿಲ್ಲ. ಕಾಯ್ದೆ ದಿಲ್ಲಿಯ ವಿಮಾನಯಾನ ಸಚಿವಾಲಯದ್ದು, ನಕಾಶೆ ಅಂತರ್ಜಾಲದ್ದು, ಯಂತ್ರ ಚೀನಾದ್ದು, ಲಗ್ನ ನಮ್ಮೂರಿನದು, ತಕರಾರು ಮಾತ್ರ ಯಾವುದೋ ಠಾಣೆಯ ಹವಾಲ್ದಾರರ ಮೇಜಿನದು. ಆ ಮೇಜಿನ ಮುಂದೆ ನಡೆಯುವ ಸಂಭಾಷಣೆ ಎಲ್ಲ ಊರಲ್ಲೂ ಒಂದೇ:

"ಸಾಹೇಬ್ರ, ನಮ್ಮ ಮನಿ ಮ್ಯಾಲೆ ಡ್ರೋನ್ ಬಂದೈತ್ರಿ."

"ಬಂದೈತೋ, ಬಿದ್ದೈತೋ?"

"ಹಾರಾಕತ್ತೈತ್ರಿ."

"ಬಿದ್ದ ಮ್ಯಾಲೆ ಬರ್ರಿ."

ನಮ್ಮ ಕಡೆ ಇದನ್ನು ಹಾರಿಸುವವರು ಯಾರು ಎಂದು ಹೊರಗಿನವರು ಕೇಳಬಹುದು. ಬೆಂಗಳೂರಿನಲ್ಲಿ ನೌಕರಿ ಮಾಡಿ, ದೀಪಾವಳಿಗೆ ಬಂದು, ಊರನ್ನು ಮೇಲಿಂದ ನೋಡಿದರೇ ಪ್ರೀತಿ ಉಕ್ಕುವ ಮಗ ಒಬ್ಬ. ನಾಯಕರ ಹುಟ್ಟುಹಬ್ಬದ ಮೆರವಣಿಗೆಗೆ ಎಷ್ಟು ಜನ ಸೇರಿದರೆಂದು ಮೇಲಿನವರಿಗೆ ತೋರಿಸಬೇಕಾದ ಬೆಂಬಲಿಗ ಇನ್ನೊಬ್ಬ. ಈತ ಡ್ರೋನನ್ನು ಜನ ಕಡಿಮೆ ಇದ್ದಷ್ಟೂ ಕೆಳಗೆ ಹಾರಿಸುತ್ತಾನೆ. ಸೊಗಲದ ಜಲಪಾತ, ನವಿಲುತೀರ್ಥದ ಹಿನ್ನೀರು, ಪಾರಸಗಡ ಎಂದು ರೀಲ್ಸ್ ಮಾಡುತ್ತ ಸುತ್ತುವ ಹುಡುಗರು ಕೆಲವರು. ಆದರೆ ಆಕಾಶದ ನಿಜವಾದ ಜಹಗೀರದಾರ ಇವರ್ಯಾರೂ ಅಲ್ಲ. ಆತ ಲಗ್ನದ ಸ್ಟುಡಿಯೋದ ಹುಡುಗ. ಬೇಸಿಗೆ ಬಂತೆಂದರೆ ಬೈಲಹೊಂಗಲದಿಂದ ರಾಮದುರ್ಗದ ವರೆಗೆ ಆತನಿಲ್ಲದೆ ಒಂದು ಅಕ್ಕಿಕಾಳೂ ಬೀಳುವುದಿಲ್ಲ. ಹಾಕಿದ ಅಕ್ಕಿಕಾಳು ಮದುಮಕ್ಕಳ ತಲೆ ಮೇಲೆ ಬೀಳುವುದಕ್ಕೂ ಆತನ ಫ್ಯಾನು ಬಿಡುವುದಿಲ್ಲ. ಗಾಳಿಗೆ ಹಾರಿ ಬೀಗರ ಕಣ್ಣಿಗೆ ಹೋಗುತ್ತವೆ.

ಮೇ ತಿಂಗಳ ಒಂದು ಮುಂಜಾನೆ ನಮ್ಮ ಓಣಿಯ ಒಂದು ಸ್ಲ್ಯಾಬಿನ ಮೇಲೆ ಹಳೆಯ ಸೀರೆ ಹಾಸಿ ಕುರುಡಗಿ ಹಾಕುತ್ತಿದ್ದರು. ಕುರುಡಗಿ ಹಾಕುವ ಹೊತ್ತಿಗೆ ಹೆಂಗಸರು ಹೇಗಿರುತ್ತಾರೆ ಎಂಬುದು ಮನೆಯವರಿಗಷ್ಟೇ ಗೊತ್ತಿರಬೇಕಾದ ಸಂಗತಿ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿರುತ್ತದೆ, ಸೆರಗು ಸೊಂಟದಲ್ಲಿರುತ್ತದೆ, ಎಣ್ಣೆ ಹಚ್ಚಿದ ಕೂದಲು ಬಿಚ್ಚಿರುತ್ತದೆ, ಬಾಯಲ್ಲಿ ಬೀಗರ ಮನೆಯ ಸುದ್ದಿ ಇರುತ್ತದೆ. ಆಗ ಬಂತು ಗುಂಯ್ ಎನ್ನುತ್ತ. ಆ ಮನೆಯ ಆಯಿ ಮೊದಲು ಗುಂಗಿಹುಳ ಎಂದು ಸೆರಗು ಬೀಸಿದಳು. ಹುಳಕ್ಕೆ ಕೆಂಪು ದೀಪ ಇರುವುದು ಕಂಡ ಮೇಲೆ ಕುರುಡಗಿ ಒತ್ತುವ ಶೇವಿಗೆ ಒರಳು ಕೈಯಲ್ಲೇ ಉಳಿಯಿತು. ಸೊಸೆಯರು ಇಬ್ಬರು ನೀರಿನ ಟಾಕಿಯ ಹಿಂದೆ, ಒಬ್ಬಳು ಒಣಗಿದ ಚಾದರದ ಒಳಗೆ. ಡ್ರೋನಿಗೆ ಅವಸರ ಇರಲಿಲ್ಲ. ಅದು ಟಾಕಿಯನ್ನೂ ಸುತ್ತು ಹಾಕಿ ಬಂತು, ಟಾಕಿಯ ಹಿಂದೆ ಏನಿದೆ ಎಂಬ ಕುತೂಹಲ ಯಂತ್ರಕ್ಕೂ ಇರುತ್ತದೆ ನೋಡಿ.

ಸಂಜೆಗೆ ಹುಡುಗನೇ ಸಿಕ್ಕ, ಲಗ್ನದ ಮನೆಯ ಕಟ್ಟೆಯ ಮೇಲೆ.

"ಆಯಿ, ನಿಮ್ಮದು ಶಾಟ್ ಭಾಳ ಚಲೋ ಬಂದೈತ್ರಿ. 'ನಮ್ಮೂರ ಸಂಸ್ಕೃತಿ' ಅಂತ ಹಾಡು ಹಚ್ಚಿ ಬಿಟ್ಟೇನಿ. ಲೈಕ್ ಮ್ಯಾಲೆ ಲೈಕ್ ಬರಾಕತ್ತಾವ."

"ಅಲ್ಲೋ ನನ್ನಪಾ, ನಿಮ್ಮ ಮನಿ ಬಚ್ಚಲ ಮ್ಯಾಲೆ ಹಾರಿಸೀಯೇನು ಇದನ್ನ?"

"ನಮ್ಮ ಮನಿದು ನೋಡಾಕ ಚಂದ ಇಲ್ರಿ ಆಯಿ. ಪತರಾ ಐತಿ."

ಇಷ್ಟು ಹೇಳಿ ಆತ ನಿಲ್ಲಲಿಲ್ಲ. ಆತನ ಕಿಸೆಯಲ್ಲಿ ಕಾಯ್ದೆಯೂ ಇತ್ತು. "249 ಗ್ರಾಂ ಐತ್ರಿ ಇದು. ನ್ಯಾನೊ. ಇದಕ್ಕ ಯಾರ ಪರ್ಮಿಶನ್ನೂ ಬ್ಯಾಡ."

ಈ 249ರ ಮಹಿಮೆಯನ್ನು ಸ್ವಲ್ಪ ನೋಡಬೇಕು. 2021ರ ಆಗಸ್ಟ್ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ಡ್ರೋನ್ ನಿಯಮಾವಳಿ ಡ್ರೋನುಗಳನ್ನು ತೂಕದ ಮೇಲೆ ಜಾತಿ ಮಾಡಿತು. 250 ಗ್ರಾಮಿನ ವರೆಗೆ ನ್ಯಾನೊ, ಅಲ್ಲಿಂದ 2 ಕಿಲೋ ವರೆಗೆ ಮೈಕ್ರೊ, 25 ಕಿಲೋ ವರೆಗೆ ಸಣ್ಣದು, 150 ಕಿಲೋ ವರೆಗೆ ಮಧ್ಯಮ, ಅದರಾಚೆ ದೊಡ್ಡದು. ನ್ಯಾನೊ ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರ ಬೇಡ, ಮೂರನೆಯವರ ವಿಮೆಯೂ ಬೇಡ. ಬೇರೆ ದೇಶಗಳಲ್ಲೂ 250 ಗ್ರಾಮಿಗೆ ಇಂಥದೇ ಗೆರೆ ಇರುವುದರಿಂದ ಚೀನಾದ ಕಂಪನಿ 249 ಗ್ರಾಮಿನ ಡ್ರೋನು ಮಾಡಿ 2019ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಅಂಗಡಿಯವ ಪಾವ ಕಿಲೋದಲ್ಲಿ ಒಂದು ಗ್ರಾಂ ಕಡಿಮೆ ತೂಗಿದರೆ ಕಳ್ಳ ಎನ್ನುತ್ತೇವೆ. ಡ್ರೋನ್ ಕಂಪನಿ ತೂಗಿದರೆ ತಂತ್ರಜ್ಞಾನ.

ರಿಯಾಯಿತಿ ಸಿಕ್ಕಿದ್ದು ಪ್ರಮಾಣಪತ್ರಕ್ಕೆ, ವಿಮೆಗೆ. ಅದನ್ನು ಹುಡುಗ "ಎಲ್ಲಕ್ಕೂ" ಎಂದು ಓದಿಕೊಂಡ. ವಿಮಾನ ನಿಲ್ದಾಣದ ಬಗಲಿಗೆ ಹೋದರೆ ನ್ಯಾನೊಕ್ಕೂ ಕೆಂಪು ಕೆಂಪೇ. ಮಂದಿಯ ಟಾಕಿಯ ಹಿಂದೆ ಹೋಗಲು ರಿಯಾಯಿತಿ ಕೊಟ್ಟ ಕಲಮನ್ನು ನಾನಂತೂ ಕಂಡಿಲ್ಲ.

ಇನ್ನು ನ್ಯಾನೊಕ್ಕಿಂತ ಭಾರದ್ದು ಹಾರಿಸುವವರ ಕಥೆ ಇನ್ನೂ ರಸವತ್ತಾಗಿದೆ. 2 ಕಿಲೋ ಒಳಗಿನ ಮೈಕ್ರೊ ಡ್ರೋನನ್ನು ಹವ್ಯಾಸಕ್ಕೆ ಹಾರಿಸಿದರೆ ಪ್ರಮಾಣಪತ್ರ ಬೇಡ, ದುಡಿಮೆಗೆ ಹಾರಿಸಿದರೆ ಬೇಕು. ಹತ್ತನೇ ಇಯತ್ತೆ ಪಾಸಾಗಿ, 18 ತುಂಬಿ, ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮಾಡಿದವರಿಗೆ ಅದು ಸಿಗುತ್ತದೆ. ನಮ್ಮ ಸ್ಟುಡಿಯೋಗಳಲ್ಲಿ ಇದಕ್ಕೊಂದು ಸುಲಭ ಉಪಾಯವಿದೆ: ಹಾರಿಸುವಾಗ ಹವ್ಯಾಸ, ಬಿಲ್ಲು ಬರೆಯುವಾಗ ದುಡಿಮೆ. ಡ್ರೋನಿಗೆ ವಿಶಿಷ್ಟ ಗುರುತಿನ ಸಂಖ್ಯೆ ಪಡೆಯಬೇಕು, ಅದಕ್ಕೆ ನೋಂದಣಿ ಶುಲ್ಕ 100 ರೂಪಾಯಿ. ಮೋಟಾರು ಗಾಡಿಗೆ ಇದ್ದಂತೆ ಮೂರನೆಯವರ ವಿಮೆ ಮಾಡಿಸಬೇಕು. ಹಾರಿಸುವ ಮುಂಚೆ ಡಿಜಿಟಲ್ ಸ್ಕೈ ಎಂಬ ತಾಣದ ನಕಾಶೆ ನೋಡಬೇಕು. ಬುಲೆಟ್ ಗಾಡಿಯ ನಂಬರ್ ಪ್ಲೇಟಿನ ಮೇಲೆ ಸಂಗೊಳ್ಳಿ ರಾಯಣ್ಣನ ಚಿತ್ರ ಹಾಕಿ ನಂಬರನ್ನೇ ಮರೆತ ಊರಿನಲ್ಲಿ ಈ ಮಾತು ಯಾರಿಗೆ ಹೇಳುವುದು?

ಅಂದಹಾಗೆ 2022ರ ಫೆಬ್ರುವರಿ 9ರಂದು ಹೊರದೇಶದಿಂದ ಡ್ರೋನ್ ತರಿಸುವುದನ್ನೇ ಸರ್ಕಾರ ನಿಷೇಧಿಸಿತು. ಸಂಶೋಧನೆ, ರಕ್ಷಣೆ, ಭದ್ರತೆಗಷ್ಟೇ ವಿನಾಯಿತಿ. ಹಾಗಾದರೆ ನಮ್ಮ ಲಗ್ನಗಳಲ್ಲಿ ಹಾರುತ್ತಿರುವ ಹೊಚ್ಚಹೊಸ ಚೀನೀ ಡ್ರೋನುಗಳು ಯಾವ ಸಂಶೋಧನೆಗೆ ಬಂದವು? ಕೇಳಿದರೆ ಒಂದೇ ಉತ್ತರ: "ದುಬೈದಾಗ ನಮ್ಮ ಮಾಮಾ ಅದಾನ್ರಿ." ಸಂಪಗಾಂವದ ಸುತ್ತಿನ ಹಳ್ಳಿಗಳಲ್ಲಿ ಇಷ್ಟು ಮಾಮಾಗಳು ದುಬೈಯಲ್ಲಿರುವುದು ನಮಗೆ ಡ್ರೋನ್ ಬಂದ ಮೇಲೆಯೇ ಗೊತ್ತಾಗಿದ್ದು.

ಈಗ ನಕಾಶೆಗೆ ಬರೋಣ. ಹಸಿರು ವಲಯದಲ್ಲಿ 400 ಅಡಿಯ ವರೆಗೆ ಯಾರ ಅಪ್ಪಣೆಯೂ ಬೇಡ. ವಿಮಾನ ನಿಲ್ದಾಣದ ಸರಹದ್ದಿನಿಂದ 8ರಿಂದ 12 ಕಿಲೋಮೀಟರ್ ಒಳಗಾದರೆ ಆ 400 ಎಂಬುದು 200 ಆಗುತ್ತದೆ. 5ರಿಂದ 8ರ ನಡುವೆ ಹಳದಿ, ವಾಯು ಸಂಚಾರ ನಿಯಂತ್ರಣದವರ ಅನುಮತಿ ಬೇಕು. ಕೆಂಪಾದರೆ ಕೇಂದ್ರ ಸರ್ಕಾರವೇ ಹ್ಞೂಂ ಅನ್ನಬೇಕು. ಸಂಪಗಾಂವಕ್ಕೂ ಬೈಲಹೊಂಗಲಕ್ಕೂ ಹತ್ತಿರದ ನಿಲ್ದಾಣ ಸಾಂಬ್ರಾ. ಅದು 12 ಕಿಲೋಮೀಟರಿನ ವರ್ತುಲದ ಆಚೆ ಎಲ್ಲೋ ಇದೆ. ಕಿತ್ತೂರಿಗೆ ಹುಬ್ಬಳ್ಳಿ ನಿಲ್ದಾಣವೂ ಅಷ್ಟೇ ದೂರ. ಅಂದರೆ ವಿಮಾನದ ಲೆಕ್ಕದಲ್ಲಿ ನಮ್ಮ ತಲೆಯ ಮೇಲಿನದು ಬಹುಪಾಲು ಹಸಿರು ಆಕಾಶ. ಮಳೆ ಬಾರದ ವರ್ಷವೂ ಹಸಿರು ಉಳಿಯುವುದು ಈ ತಾಲೂಕುಗಳಲ್ಲಿ ಅದೊಂದೇ.

ನಿಜವಾದ ಪೇಚು ಇರುವುದು ಇಲ್ಲೇ. ಕಾಯ್ದೆ ಮೇಲಿನ ಮಿತಿ ಹೇಳಿತು, ಕೆಳಗಿನ ಮಿತಿ ಹೇಳಲಿಲ್ಲ. 400 ಅಡಿಗಿಂತ ಮೇಲೆ ಹೋಗಿ ವಿಮಾನಕ್ಕೆ ತಾಗಬಾರದು ಎಂಬುದು ದಿಲ್ಲಿಯ ಚಿಂತೆ. 40 ಅಡಿಗಿಂತ ಕೆಳಗೆ ಬಂದು ಬಚ್ಚಲಕ್ಕೆ ಇಣುಕಬಾರದು ಎಂಬುದು ಓಣಿಯ ಚಿಂತೆ. ವಿಮಾನದಲ್ಲಿ ಹೋಗುವವರ ಜೀವಕ್ಕೆ ಅಡಿ ಲೆಕ್ಕದಲ್ಲಿ ರಕ್ಷಣೆ ಇದೆ, ಕೆಳಗೆ ಇರುವವರ ಮಾನಕ್ಕೆ ಒಂದು ಮೊಳದ ಲೆಕ್ಕವೂ ಇಲ್ಲ. ಹುಡುಗ ಕಾಯ್ದೆಬದ್ಧವಾಗಿ, ಹಸಿರು ವಲಯದಲ್ಲಿ, 400 ಅಡಿಗಿಂತ ಎಷ್ಟೋ ಕೆಳಗೆ ಹಾರಿಸಿ ಆಯಿಯ ಮರ್ಯಾದೆ ಕಳೆದ.

ಈ ನಿಯಮಾವಳಿ ಬರುವುದಕ್ಕೆ ಸರಿಯಾಗಿ ನಾಲ್ಕು ವರ್ಷ ಒಂದು ದಿನ ಮುಂಚೆ, 2017ರ ಆಗಸ್ಟ್ 24ರಂದು, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದು ಒಕ್ಕೊರಲಿನಿಂದ ಹೇಳಿದ್ದರು. ಆ ಖಟ್ಲೆ ಹೂಡಿದವರು ಹೊರಗಿನವರಲ್ಲ, ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ಮೇಲೆ ಆಧಾರ್ ವಿರುದ್ಧ ದಾವೆ ಹಾಕಿದ ಗಟ್ಟಿ ಅಜ್ಜ. ಸರ್ಕಾರದಂಥ ಸರ್ಕಾರವನ್ನೇ ಹಿತ್ತಲ ಬಾಗಿಲಲ್ಲಿ ತಡೆದು ನಿಲ್ಲಿಸಿದ ಆ ಹಕ್ಕು ಸ್ಟುಡಿಯೋದ ಹುಡುಗನ ಮುಂದೆ ತಬ್ಬಿಬ್ಬಾಗಿ ನಿಂತಿದೆ.

"ಹಂಗಾದ್ರ ಬ್ಯಾರೆ ಕಾಯ್ದೆ ಇಲ್ಲೇನ್ರಿ?" ಎಂದು ಆಯಿಯ ಮೊಮ್ಮಗ ಕೇಳಿದ. ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮು ಇದೆ: ಒಪ್ಪಿಗೆ ಇಲ್ಲದೆ ದೇಹದ ಖಾಸಗಿ ಭಾಗದ ಚಿತ್ರ ತೆಗೆದರೆ, ಹಂಚಿದರೆ ಮೂರು ವರ್ಷದ ವರೆಗೆ ಜೈಲು, ಎರಡು ಲಕ್ಷದ ವರೆಗೆ ದಂಡ, ಇಲ್ಲವೇ ಎರಡೂ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು ಇದೆ: ಹೆಣ್ಣುಮಗಳು ಖಾಸಗಿಯಾಗಿ ಇರುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದು ಅಪರಾಧ. ಬಚ್ಚಲದ ಮೇಲೆ ನಿಲ್ಲಿಸಿದವನ ಕೊರಳಿಗೆ ಇವು ಸರಿಯಾಗಿ ಬೀಳುತ್ತವೆ. ಆದರೆ ಕುರುಡಗಿ ಖಾಸಗಿ ಭಾಗ ಅಲ್ಲವಲ್ಲ. ಬಿಚ್ಚಿದ ಕೂದಲು ಅಲ್ಲ, ಎತ್ತಿ ಕಟ್ಟಿದ ಸೀರೆ ಅಲ್ಲ, ಅತ್ತೆ-ಸೊಸೆಯ ಮಾತು ಅಲ್ಲ. ಒಂದು ಮನೆ ಮರೆಯಲ್ಲಿ ಇಡುವ ನೂರು ಸಂಗತಿಗಳಲ್ಲಿ ತೊಂಬತ್ತಕ್ಕೆ ಕಾಯ್ದೆಯ ಪುಸ್ತಕದಲ್ಲಿ ಹೆಸರೇ ಇಲ್ಲ.

ಆಯಿಗೆ ಇನ್ನೊಂದು ದಾರಿ ಗೊತ್ತಿತ್ತು. ಹುಡುಗಿಯಾಗಿದ್ದಾಗ ಜೋಳದ ಹೊಲದ ಅಟ್ಟಣಿಗೆಯ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಕಾಯ್ದವಳು. "ಕವಣಿ ಎಲ್ಲೈತಿ ನೋಡೋ" ಅಂದಳು. ಅಮೆರಿಕದ ಕೆಂಟಕಿಯಲ್ಲಿ 2015ರಲ್ಲಿ ಒಬ್ಬ ಅಪ್ಪ ಹಿತ್ತಲಲ್ಲಿ ಮಕ್ಕಳ ಮೇಲೆ ಬಂದ ಡ್ರೋನನ್ನು ಬಂದೂಕಿನಿಂದ ಹೊಡೆದು ಬೀಳಿಸಿದ, ಅಲ್ಲಿನ ನ್ಯಾಯಾಧೀಶರು ಖಟ್ಲೆಯನ್ನೇ ವಜಾ ಮಾಡಿದರು. ಆದರೆ ಇಲ್ಲಿ ಮಂದಿಯ ಸ್ವತ್ತು ಹಾಳು ಮಾಡುವುದು ನ್ಯಾಯ ಸಂಹಿತೆಯ 324ನೇ ಕಲಮಿನ ಅಪರಾಧ. ಅಂದರೆ ಕಲ್ಲು ಬೀಸಿದರೆ ಆಯಿ ಆರೋಪಿ, ಹಾರಿಸಿದವ ನ್ಯಾನೊ. ಅದೇ ಅಮೆರಿಕದಲ್ಲಿ 1946ರಲ್ಲಿ ಇನ್ನೊಂದು ತೀರ್ಪು ಬಂದಿತ್ತು. ಕಾಸ್ಬಿ ಎಂಬ ಕೋಳಿ ಸಾಕುವ ರೈತನ ಹೊಲದ ಮೇಲೆ 83 ಅಡಿ ಎತ್ತರದಲ್ಲಿ ಸೈನ್ಯದ ವಿಮಾನಗಳು ಹಾದು, ಗಾಬರಿಯಾಗಿ ಗೋಡೆಗೆ ಬಡಿದು 150ರಷ್ಟು ಕೋಳಿ ಸತ್ತವು. ಆಕಾಶವೆಲ್ಲ ನಿನ್ನದಲ್ಲ, ಆದರೆ ಭೂಮಿಯನ್ನು ಬಳಸಿ ಬಾಳಲು ಬೇಕಾದಷ್ಟು ಆಕಾಶ ನಿನ್ನದೇ ಎಂದಿತು ಅಲ್ಲಿನ ಸುಪ್ರೀಂ ಕೋರ್ಟು. ಹಸಿರು ವಲಯದ ನಕಾಶೆ ಬರೆದವರು ಆ ಕೋಳಿಗಳ ಖಟ್ಲೆಯನ್ನು ಒಮ್ಮೆ ಓದಿದ್ದರೆ ಚೆನ್ನಿತ್ತು.

ಸರ್ಕಾರದ ಡ್ರೋನೂ ಊರಿಗೆ ಬರುತ್ತದೆ. ಅದು ಬರುವ ರೀತಿ ನೋಡಿ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕ ಇತ್ತು. ಗ್ರಾಮಠಾಣದ ಮನೆಗಳನ್ನು ಡ್ರೋನಿನಿಂದ ಅಳೆದು ಆಸ್ತಿ ಕಾರ್ಡು ಕೊಡುವುದು. ಹಾರಿಸುವ ಮುಂಚೆ ಡಂಗುರ, ಗ್ರಾಮಸಭೆ, ಪಂಚಾಯ್ತಿಯವರು ಬಂದು ಮನೆಯ ಸುತ್ತ ಸುಣ್ಣದ ಪುಡಿಯಿಂದ ಗೆರೆ. ನಮ್ಮ ಜನಕ್ಕೆ ಡ್ರೋನಿನ ಕಣ್ಣಿನ ಬೆಲೆ ಗೊತ್ತಿಲ್ಲ ಎನ್ನುವವರು ಆ ಹಿಂದಿನ ರಾತ್ರಿ ಬಂದು ನೋಡಬೇಕಿತ್ತು. ಸಂಜೆ ಹಾಕಿದ ಸುಣ್ಣದ ಗೆರೆ ಮುಂಜಾನೆಗೆ ಒಂದು ಮೊಳ ಮಗ್ಗುಲ ಮನೆಯವರ ಅಂಗಳಕ್ಕೆ ಸರಿದಿರುತ್ತದೆ. ಆ ಮನೆಯವರದು ಇನ್ನೊಂದು ಬದಿಗೆ ಸರಿದಿರುತ್ತದೆ. ಹೀಗೆ ಸರಿಯುತ್ತ ಓಣಿಯ ಕೊನೆಯ ಮನೆಯವರು ಗಟಾರಕ್ಕೆ ಬಂದು ನಿಂತಿರುತ್ತಾರೆ. ಆಕಾಶದಿಂದ ನೋಡುವವನು ಏನನ್ನು ನೋಡುತ್ತಾನೆ, ಅದರಿಂದ ಏನು ಲಾಭ ಎಂದು ಅರ್ಥವಾದರೆ ನಾವು ಎಷ್ಟು ಹುಷಾರು! ಭೂಮಿಗೆ ಸುಣ್ಣದ ಗೆರೆ ಎಳೆದೆವು. ಮಾನಕ್ಕೆ ಎಳೆಯಲು ಸುಣ್ಣ ಉಳಿಯಲಿಲ್ಲ.

ಇನ್ನು ನಗಲಾರದ ಜಾಗ ಒಂದಿದೆ. ಸವದತ್ತಿ. ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಲಕ್ಷಗಟ್ಟಲೆ ಜನ ಬರುತ್ತಾರೆ. ಜೋಗಳಬಾವಿಯಲ್ಲಿ, ಎಣ್ಣೆಹೊಂಡದಲ್ಲಿ ಮಿಂದು ಗುಡ್ಡ ಹತ್ತುತ್ತಾರೆ. ಹೆಣ್ಣುಮಕ್ಕಳು ಒದ್ದೆ ಸೀರೆಯಲ್ಲಿ, ಬಯಲಿನಲ್ಲಿ, ಸುತ್ತ ನಾಲ್ಕು ಜನ ಸೀರೆ ಹಿಡಿದ ಮರೆಯಲ್ಲಿ ಬಟ್ಟೆ ಬದಲಿಸುತ್ತಾರೆ. ಆ ಮರೆಗೆ ನಾಲ್ಕು ಗೋಡೆ ಉಂಟು, ಮೇಲೆ ಹೊದಿಕೆ ಇಲ್ಲ. ಎಷ್ಟೋ ತಲೆಮಾರು ಅದರ ಅಗತ್ಯ ಬೀಳಲಿಲ್ಲ, ಯಾಕೆಂದರೆ ಮೇಲೆ ಇದ್ದವಳು ಎಲ್ಲಮ್ಮ ಒಬ್ಬಳೇ. ಈಗ "ಭಕ್ತಿ ಸಾಗರ" ಎಂಬ ಹೆಸರಿನಲ್ಲಿ ಅಲ್ಲಿಯ ನೀರಿನ ಮೇಲೆ ಡ್ರೋನು ಇಳಿಸಿ ಭಂಡಾರದ ಹಳದಿಯನ್ನು ತೋರಿಸುವವರಿಗೆ ಒಂದು ಮಾತು. ನೀವು ಸಂಗೊಳ್ಳಿಯ ಆಸುಪಾಸಿನವರು. ಡೋರಿ ಬೆಣಚಿ ಹಳ್ಳದಲ್ಲಿ ಸ್ನಾನಕ್ಕಿಳಿದಿದ್ದ ರಾಯಣ್ಣನ ಮೇಲೆ ಕಣ್ಣಿಟ್ಟು ಹಿಡಿದುಕೊಟ್ಟವರನ್ನು ಈ ನಾಡು ಇಂದಿಗೂ ಏನೆಂದು ಕರೆಯುತ್ತದೆ, ನಿಮ್ಮ ಅಜ್ಜಿಯನ್ನು ಕೇಳಿ. ಮೀಯುವವರ ಮೇಲೆ ಕಣ್ಣಿಟ್ಟವರಿಗೆ ಇಲ್ಲಿ ಯಾರೂ ಲೈಕ್ ಕೊಟ್ಟ ಚರಿತ್ರೆ ಇಲ್ಲ.

ದೊಡ್ಡವರಿಗೆ ಮಾತ್ರ ಕಾಯ್ದೆ ಹೊದಿಕೆ ಕೊಟ್ಟಿದೆ. ಎಸ್ಪಿ ದರ್ಜೆಗೆ ಕಡಿಮೆ ಇಲ್ಲದ ಅಧಿಕಾರಿ ಒಂದು ಜಾಗವನ್ನು ಒಂದು ಸಲಕ್ಕೆ 96 ತಾಸಿನ ವರೆಗೆ ತಾತ್ಕಾಲಿಕ ಕೆಂಪು ವಲಯ ಎಂದು ಸಾರಬಹುದು. ಕಿತ್ತೂರು ಉತ್ಸವ ಅಕ್ಟೋಬರ್ 23ರಿಂದ ಮೂರು ದಿನ, ಅಂದರೆ 72 ತಾಸು. ಮಂತ್ರಿಗಳು ಬಂದು, ಭಾಷಣ ಮಾಡಿ, ಊಟ ಮಾಡಿ, ಹೋಗಿ, ಪೆಂಡಾಲು ಬಿಚ್ಚುವವರಿಗೂ ಒಂದು ದಿನದ ಕೆಂಪು ಉಳಿಯುತ್ತದೆ. ಆಯಿಯ ಕುರುಡಗಿಗೆ ಬೇಕಾದದ್ದು ಎರಡು ತಾಸು. ಅದಕ್ಕೆ ಅರ್ಜಿಯ ನಮೂನೆಯೇ ಇಲ್ಲ.

ಹಾರಿಸುವವರು ತಮ್ಮ ಹಿತಕ್ಕಾದರೂ ಒಂದು ಸಂಗತಿ ತಿಳಿಯಬೇಕು. 2024ರ ಮಳೆಗಾಲದಲ್ಲಿ ಮಗ್ಗುಲ ಮಹಾರಾಷ್ಟ್ರದ ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ರಾತ್ರಿ ಡ್ರೋನು ಬಂದು ಕಳ್ಳರಿಗೆ ಮನೆ ತೋರಿಸುತ್ತದೆ ಎಂಬ ಸುದ್ದಿ ಹಬ್ಬಿ, ಜನ ಬಡಿಗೆ ಹಿಡಿದು ನಿದ್ದೆಗೆಟ್ಟರು. 2025ರಲ್ಲಿ ಉತ್ತರ ಪ್ರದೇಶದ ಪಶ್ಚಿಮ ಜಿಲ್ಲೆಗಳಲ್ಲೂ ಅದೇ ಗದ್ದಲ. ಮುಜಫ್ಫರನಗರದಲ್ಲಿ ಪೊಲೀಸರು ಬೆನ್ನು ಹತ್ತಿ ಹಿಡಿದಾಗ ಸಿಕ್ಕಿದ್ದು ಪಾರಿವಾಳ. ಇಬ್ಬರು ಅದರ ಕಾಲಿಗೆ, ಕೊರಳಿಗೆ ಕೆಂಪು-ಹಸಿರು ದೀಪ ಕಟ್ಟಿ ಹಾರಿಸಿದ್ದರು. ಪಾರಿವಾಳಕ್ಕೇ ಇಷ್ಟಾದರೆ, ಅಮಾವಾಸ್ಯೆಯ ರಾತ್ರಿ ಹೇಳದೆ ಕೇಳದೆ ಓಣಿಯ ಮೇಲೆ ದೀಪ ಮಿಣುಕಿಸುವ ತಮ್ಮನ ಗತಿ ಏನು? ಕಬ್ಬಿನ ನೀರು ಬಿಡಲು ರಾತ್ರಿ ಹೊಲದಲ್ಲಿರುವ ನಮ್ಮವರ ಕೈಯಲ್ಲಿ ಸಲಿಕೆ ಇರುತ್ತದೆ, ಡಿಜಿಟಲ್ ಸ್ಕೈ ನಕಾಶೆ ಇರುವುದಿಲ್ಲ.

"ನಂದು ಬೀಳೂದಿಲ್ರಿ" ಎನ್ನುವ ಧೈರ್ಯವಂತರೂ ಇದ್ದಾರೆ. 2023ರ ಆಗಸ್ಟ್‌ನಲ್ಲಿ ಡಿಆರ್‌ಡಿಒದ ತಪಸ್ ಎಂಬ ಮಾನವರಹಿತ ವಿಮಾನ ಹಿರಿಯೂರು ತಾಲೂಕಿನ ಹೊಲದಲ್ಲಿ ಬಿತ್ತು. ದೇಶದ ವಿಜ್ಞಾನಿಗಳದ್ದೇ ಬೀಳುವಾಗ ದುಬೈ ಮಾಮಾನದು ಬೀಳದೇ? ಬಿದ್ದರೆ, ಯಾರಿಗಾದರೂ ಪೆಟ್ಟಾದರೆ 48 ತಾಸಿನೊಳಗೆ ಡಿಜಿಟಲ್ ಸ್ಕೈ ತಾಣದಲ್ಲಿ ವರದಿ ಮಾಡಬೇಕು ಎನ್ನುತ್ತದೆ ನಿಯಮ. ನಮ್ಮ ಕಡೆಯ ಡ್ರೋನು ಬೀಳುವುದು ಆಳೆತ್ತರದ ಕಬ್ಬಿನಲ್ಲಿ. ಅದು ಸಿಗುವುದು ಕಡಾವು ಮುಗಿದ ಮೇಲೆ. ನಿಯಮ ಮುರಿದರೆ ದಂಡ ಒಂದು ಲಕ್ಷದ ವರೆಗೆ. 2025ರಲ್ಲಿ ಇನ್ನೂ ಬಿಗಿಯಾದ ಮಸೂದೆಯ ಕರಡೂ ಹೊರಬಿದ್ದಿದೆ. ಬಿಗಿ ಎಷ್ಟಾದರೂ ಆಗಲಿ, ಟಾಕಿಯ ಹಿಂದಿನ ಜಾಗ ಅದರಲ್ಲಿ ಬರುತ್ತದೆ ಎಂಬ ಭರವಸೆ ನನಗಿಲ್ಲ.

ಹಾಗಂತ ಡ್ರೋನು ಬೇಡ ಎನ್ನುವ ಮುದಿ ಮಾತು ನನ್ನದಲ್ಲ. ಮಲಪ್ರಭೆ ತುಂಬಿ ಹರಿಯುವಾಗ ಮೇಲಿಂದ ನೋಡುವುದು ಚಂದ. ಹೂಲಿಯ ಪಂಚಲಿಂಗೇಶ್ವರ ಗುಡಿಯ ಶಿಖರಗಳನ್ನು ಮೇಲಿಂದ ಕಾಣುವ ಆಸೆ ಯಾರಿಗಿಲ್ಲ? ಸಂರಕ್ಷಿತ ಸ್ಮಾರಕಕ್ಕೆ ಮುಂಚೆ ಅನುಮತಿ ಪಡೆದು ಹಾರಿಸಿ. ಹಬ್ಬಕ್ಕೆ ಬಂದ ಮಗ ಊರ ಹೊರಗಿನ ಖುಲ್ಲಾ ಹೊಲದಲ್ಲಿ, ಹೊಲದವರನ್ನು ಕೇಳಿ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಆಡಿಸಲಿ. ಓಣಿಯಲ್ಲೇ ಹಾರಿಸಬೇಕಾದರೆ ಹಿಂದಿನ ದಿನ ನಾಲ್ಕು ಮನೆಗೆ ಹೋಗಿ, "ಅಕ್ಕಾರ, ನಾಳೆ ಹತ್ತಕ್ಕ ಲಗ್ನದ ಮನಿ ಮ್ಯಾಲೆ ಅಷ್ಟ ಹಾರಸ್ತೇವ್ರಿ, ಅರ್ಧಾ ತಾಸು" ಎಂದು ಹೇಳಿ ಬರಲಿ. ಕ್ಯಾಮೆರಾದಲ್ಲಿ ಮಗ್ಗುಲ ಮನೆ ಸಿಕ್ಕಿದ್ದರೆ ಬಿಡುವ ಮುಂಚೆ ಕತ್ತರಿಸಲಿ. ಲಗ್ನಪತ್ರಿಕೆ ಹಂಚಲು ಆರು ಊರು ಸುತ್ತುವವರಿಗೆ ಇದೇನು ಭಾರವಲ್ಲ.

ಕೊನೆಯ ಮಾತು ಹುಡುಗನಿಗಲ್ಲ, ಆತನನ್ನು ಕರೆಸುವ ಯಜಮಾನರಿಗೆ. ರೊಕ್ಕ ಕೊಡುವವರು ನೀವು, ಆಕಾಶ ಬಾಡಿಗೆಗೆ ಹಿಡಿದವರು ನೀವು. ಬರುವ ಹಂಗಾಮಿಗೆ ಸ್ಟುಡಿಯೋದವರಿಗೆ ಮುಂಗಡ ಕೊಡುವ ಮುಂಚೆ ಡ್ರೋನಿನ ನೋಂದಣಿ ನಂಬರ್ ಕೇಳ್ರಿ. ತೂಕ ಪಾವ ಕಿಲೋ ದಾಟಿದ್ದರೆ ಹಾರಿಸುವವನ ಪ್ರಮಾಣಪತ್ರ, ವಿಮೆ ಕೇಳ್ರಿ. "ಅದೆಲ್ಲಾ ಯಾರ ಕೇಳ್ತಾರ್ರಿ ಕಾಕಾ" ಅಂದನೋ, ಬಿಲ್ಲಿನಿಂದ ಡ್ರೋನ್ ತೆಗೆಸಿ, ಉಳಿದ ರೊಕ್ಕಕ್ಕೆ ಊಟದಾಗ ಇನ್ನೊಂದು ನಮೂನಿ ಸಿಹಿ ಮಾಡಿಸ್ರಿ.